ಮರೆವು ಮೇಡಂ ಹೇಳದ ಮಾತು

"ಪೆಟ್ಟಿಗೇನ ಸ್ವಲ್ಪ ಆ ಕಡೆ ಸರಿಸ್ತೀರಾ? ಪ್ರೊಜೆಕ್ಟರ್ ಬೆಳಕು ಮುಖದ ಮೇಲೆ ಬೀಳ್ತಾ ಇದೆ."

ಅಕ್ಕನ ಕೊರಳ ಬಳಿ ಬಿಳಿ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದ ತಂಗಿ ತಲೆ ಎತ್ತಿ ನೋಡಿದಳು. ಮಾತಾಡಿದವನು ಅಕ್ಕ ಪಾಠ ಮಾಡುತ್ತಿದ್ದ ಶಾಲೆಯ ಟೆಕ್ನಿಷಿಯನ್. ತೋಳಿಗೆ ವೈರಿನ ಸುರುಳಿ ಸಿಕ್ಕಿಸಿಕೊಂಡು, ಚಿತಾಗಾರದ ಸಭಾಂಗಣದ ಗೋಡೆಗೆ ಬಿಳಿ ಪರದೆ ಇಳಿಬಿಟ್ಟು ಮುಗಿಸಿದ್ದ. ಪರದೆಗೂ ಯಂತ್ರಕ್ಕೂ ನಡುವೆ ಅಡ್ಡ ಇದ್ದವಳು ಸತ್ತವಳೊಬ್ಬಳೇ. ಶಾಲೆಯ ಲಾಂಛನದ ಅರ್ಧ ತುಂಡು, ಒಂದು ಹಸಿರು ಎಲೆ, ಅಕ್ಕನ ಹಣೆಯ ಮೇಲೆ ಬಿದ್ದು ಅಲುಗಾಡುತ್ತಿತ್ತು.

"ಅವಳನ್ನ ಸರಿಸೋ ಬದಲು ನಿಮ್ಮ ಯಂತ್ರಾನೇ ಸರಿಸಿ," ಎಂದಳು ತಂಗಿ.

"ಆಗಲ್ಲ ಮೇಡಂ, ವೈರ್ ಇರೋದೇ ಇಷ್ಟು ಉದ್ದ."

ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ರಕ್ತ, ಕೀವು, ವಾಂತಿ, ಹೇಳಬಾರದ್ದು ಇನ್ನೂ ಏನೇನೋ ಅಂಟಿದ ಹಾಸಿಗೆ ಬಟ್ಟೆಗಳನ್ನು ಇಷ್ಟು ವರ್ಷ ಕೈಯಾರೆ ಬೇರ್ಪಡಿಸಿದ್ದಾಳೆ. ಹೊಸದಾಗಿ ಸೇರಿದ ಹುಡುಗಿಯರು ಮೂಗು ಮುಚ್ಚಿಕೊಂಡರೆ, ಇದಕ್ಕೆಲ್ಲ ಹೇಸಿಕೊಂಡರೆ ಊಟ ಇಳಿಯುತ್ತೇನ್ರೇ ಎಂದು ಗದರಿಸುತ್ತಾಳೆ. ಅಂಥವಳಿಗೆ ಅಕ್ಕನ ಹಣೆಯ ಮೇಲಿನ ಆ ಹಸಿರು ಎಲೆ ನೋಡಿ ಹೇಸಿಗೆಯಾಯಿತು. ಅಂಗೈಯಿಂದ ಒರೆಸಿದಳು. ಬೆಳಕು ಒರೆಸಿದರೆ ಹೋಗುತ್ತದೆಯೇ, ಅವಳ ಕೈಯ ಮೇಲೆ ಹತ್ತಿ ಕೂತಿತು. ಇಬ್ಬರು ಕೆಲಸದವರು ಬಂದು ಪೆಟ್ಟಿಗೆಯ ಗಾಲಿಗಳ ಬೀಗ ಬಿಡಿಸಿದರು. ಕೊನೆಗೆ ಸರಿದವಳು ಅಕ್ಕನೇ.

ಪ್ರಿನ್ಸಿಪಾಲರು ಬಂದರು. ಅಕ್ಕ ಮನೆಯಲ್ಲಿ ಅವರಿಗೆ ಇಟ್ಟಿದ್ದ ಹೆಸರು ಹಸಿರು ಸಾಹೇಬ. ಮನುಷ್ಯ ಒಡ್ಡೊಡ್ಡಾಗಿ ಏನೂ ಇಲ್ಲ; ಮೆತ್ತಗೆ ಮಾತು, ಮೆತ್ತಗೆ ನಡಿಗೆ, ಎದೆಯ ಮೇಲೆ ಸದಾ ಜೋಡಿಸಿದ ಕೈ. ಹೆಂಡತಿ ಕಳೆದುಕೊಂಡ ಭಾವನ ಪಕ್ಕ ಕೂತು, ಭುಜ ತಟ್ಟಿ, ಇವತ್ತು ನಾವು ಬರೀ ಅಳೋದು ಬೇಡ ಸರ್, ಮೇಡಂ ಅವರನ್ನ ಅವರ ವಿಧಾನದಲ್ಲೇ ನೆನೆಯೋಣ ಎಂದರು. ಮೊದಲು ಮೇಡಂ ಜೀವನದ ಪರಿಚಯ ಓದುತ್ತಾರಂತೆ. ಆಮೇಲೆ ಬಂದವರಿಗೆಲ್ಲ ತರಗತಿಯಲ್ಲಿ ಮಕ್ಕಳು ಉತ್ತರ ಒತ್ತುವ ಪುಟ್ಟ ರಿಮೋಟು ಕೊಟ್ಟು ಕೆಲವು ಪ್ರಶ್ನೆ ಕೇಳುತ್ತಾರಂತೆ. ಕೊನೆಯಲ್ಲಿ ಒಂದು ಘೋಷಣೆ.

ಆ ಘೋಷಣೆ ಏನೆಂದು ತಂಗಿಗೆ ಗೊತ್ತಿತ್ತು. ಅಕ್ಕನ ದನಿ ಶಾಲೆಯ ಕಂಪ್ಯೂಟರಿನಲ್ಲಿ ಇದೆ. ಆ ದನಿಗೆ ಅಕ್ಕನ ಮುಖದ ಚಿತ್ರ ಸೇರಿಸಿ ಎಲ್ಲ ತರಗತಿಯ ಪರದೆಗಳಲ್ಲೂ ಮಾತಾಡುವ ಮೇಡಂ ಮಾಡುತ್ತಾರೆ. ಮಕ್ಕಳು ಸರಿಯಾದ ಗುಂಡಿ ಒತ್ತಿದರೆ ಅದು ಶಭಾಷ್ ಎನ್ನುತ್ತದೆ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಮನೆಯವರು ಎಂದರೆ ಭಾವ. ಅವರ ತೊಡೆಯ ಮೇಲೆ ಆಗಲೇ ಒಂದು ಟ್ಯಾಬ್ ಬಂದು ಕೂತಿತ್ತು. ಬೆರಳಲ್ಲಿ ಸಹಿ ಗೀಚಿದರೆ ಆಯಿತು.

"ಭಾವ, ಅದನ್ನ ವಾಪಸ್ ಕೊಡಿ," ಎಂದಳು ತಂಗಿ, ಬಗ್ಗಿ, ಅವರಿಗಷ್ಟೇ ಕೇಳುವ ಹಾಗೆ.

ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಕೂರಿಸುವವರು. ಜೋರು ಮಾತು ಅವರ ಜಾಯಮಾನದಲ್ಲಿಲ್ಲ.

"ನಿನ್ನೆ ರಾತ್ರಿಯಿಂದ ಮನೆ ಎಷ್ಟು ಸುಮ್ಮನಿದೆ ಗೊತ್ತಾ ನಿಂಗೆ?" ಎಂದರು. "ಶಾಲೆ ಮುಂದೆ ಹಾದು ಹೋಗ್ವಾಗ ಅವಳ ದನಿ ಕಿವಿಗೆ ಬಿದ್ರೆ ಸಾಕು ಕಣಮ್ಮ ನಂಗೆ. ಏನು ಹೇಳಿದ್ರೆ ಏನಂತೆ."

ಏನು ಹೇಳಿದರೆ ಏನಂತೆ! ತಂಗಿ ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಸತ್ತವಳ ಎದುರು ಸತ್ತವಳ ಗಂಡನನ್ನು ಬೈಯುವುದು ಹೇಗೆ?

*

ಅಕ್ಕ ವಿಜ್ಞಾನದ ಟೀಚರು. ಮೊದಮೊದಲು ಎಲ್ಲರಂತೆ ಪಾಠ ಮಾಡಿ, ಪರೀಕ್ಷೆ ಮಾಡಿ, ಅಂಕ ಕೊಟ್ಟು ಹಾಯಾಗಿದ್ದವಳು. ಒಂದು ವರ್ಷ ದೊಡ್ಡ ರಜೆ ಮುಗಿಸಿ ಬಂದ ಮಕ್ಕಳನ್ನು, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ ಎಂದು ಸುಮ್ಮನೆ ಕೇಳಿದಳಂತೆ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರೇ ಪಿಳಿಪಿಳಿ ಕಣ್ಣು ಬಿಟ್ಟರು. ಆವತ್ತು ತಂಗಿಯ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು: "ಇಷ್ಟು ವರ್ಷ ನಾನು ಮಾಡಿದ್ದು ಪಾಠ ಅಲ್ಲ ಕಣೇ. ಮಕ್ಕಳ ಕಿವಿ ತೊಳೆದಿದ್ದೀನಿ, ಅಷ್ಟೇ."

ಶಾಲೆಯ ಬೀರುವಿನಲ್ಲಿ ಉತ್ತರ ಒತ್ತುವ ರಿಮೋಟುಗಳ ಒಂದು ಸೆಟ್ಟು ಧೂಳು ತಿನ್ನುತ್ತಿತ್ತು; ತಪಾಸಣೆಗೆ ದೊಡ್ಡವರು ಬಂದ ದಿನ ಮಾತ್ರ ಹೊರಗೆ ಬರುವ ಮಾಲು. ಅಕ್ಕ ಅದನ್ನು ಕೇಳಿ ತೆಗೆದುಕೊಂಡಳು. ಹೊಸ ಬ್ಯಾಟರಿ ಹಾಕಿ, ತನ್ನದೇ ಒಂದು ಪದ್ಧತಿ ಕಟ್ಟಿದಳು. ದಿನದ ಪಾಠ ಶುರುವಾಗುವ ಮೊದಲೇ ಪರದೆಯ ಮೇಲೆ ಪ್ರಶ್ನೆ ಬರಬೇಕು. ಆ ಪ್ರಶ್ನೆ ನಿನ್ನೆಯ ಪಾಠದ್ದಲ್ಲ. ಹೋದ ತಿಂಗಳದ್ದು, ಒಮ್ಮೊಮ್ಮೆ ಹೋದ ವರ್ಷದ್ದು. ಮಕ್ಕಳು ಅರ್ಧ ಮರೆತಿರಬೇಕು, ಆವಾಗಲೇ ಕೇಳಬೇಕು. ಎಲ್ಲರೂ ಗುಂಡಿ ಒತ್ತುತ್ತಾರೆ, ಯಾವ ಉತ್ತರಕ್ಕೆ ಎಷ್ಟು ಜನ ಎಂದು ಪರದೆ ಪಟ್ಟಿ ಎಳೆದು ತೋರಿಸುತ್ತದೆ. ಯಾರ ಹೆಸರೂ ಇಲ್ಲ, ಅಂಕವೂ ಇಲ್ಲ. ಸರಿಯುತ್ತರ ಯಾವುದೆಂದು ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಪಕ್ಕದವರ ಜೊತೆ ಜಗಳ ಆಡಿ, ಆಮೇಲೆ ಮತ್ತೆ ಒತ್ತಿ ಎನ್ನುತ್ತಿದ್ದಳು. ತರಗತಿ ಸಂತೆಯಾಗುತ್ತಿತ್ತು. ಅವಳು ಕೈ ಕಟ್ಟಿ ಕಿಟಕಿಗೆ ಒರಗಿ ಕಾಯುತ್ತಿದ್ದಳು.

ಯಾರಾದರೂ ಮರೆತುಹೋಯಿತು ಮೇಡಂ ಎಂದರೆ ಅವಳ ಮುಖ ಅರಳುತ್ತಿತ್ತಂತೆ. "ಮರ್ತ್ಯಾ? ಒಳ್ಳೇದಾಯ್ತು. ಈಗ ಹುಡುಕು." ಇಷ್ಟೇ ಅವಳ ಮಾತು. ಸರಿ ಹೇಳಿದವರಿಗೂ ಶಭಾಷ್ ಇಲ್ಲ, ಭೇಷ್ ಇಲ್ಲ. ಒಂದು ಹೂಂ, ಅದೂ ಮೂಗಿನಲ್ಲಿ. ಹುಡುಕಿ ತೆಗೆದದ್ದೇ ಮಕ್ಕಳಿಗೆ ಸಾಕು, ಮೇಲೆ ಸಕ್ಕರೆ ಯಾಕೆ ಉದುರಿಸಬೇಕು ಎನ್ನುವವಳು. ಮಕ್ಕಳು ಮರೆವು ಮೇಡಂ ಎಂದು ಹೆಸರಿಟ್ಟರು. ಅದು ಗೊತ್ತಾದಾಗ ಅವಳಿಗೆ ಕೋಪ ಬರಲಿಲ್ಲ, ಒಳಗೊಳಗೇ ಖುಷಿಪಟ್ಟಳು.

ಮನೆಯವರನ್ನೂ ಬಿಟ್ಟವಳಲ್ಲ. ತುತ್ತು ಬಾಯಿಗಿಡುವ ಹೊತ್ತಿಗೆ, ಹೋದ ಸಲ ಬಂದಾಗ ಹೇಳಿದ್ದೆನಲ್ಲ, ಏನದು ಎಂದು ಕೇಳುತ್ತಿದ್ದಳು. ಊಟಕ್ಕೆ ಕರೆದಿದ್ದೀಯೋ ಪರೀಕ್ಷೆಗೆ ಕರೆದಿದ್ದೀಯೋ ಎಂದು ತಂಗಿ ರೇಗಿದರೆ ಭಾವ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಪರಾರಿ. ಆದರೂ ಒಂದು ಮಾತು ಒಪ್ಪಬೇಕು. ತುಕ್ಕು ಯಾಕೆ ಹಿಡಿಯುತ್ತದೆ ಎಂದು ತಂಗಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ.

*

ಆಮೇಲೆ ಶಾಲೆಗೆ ಹಸಿರು ಸಾಹೇಬರು ಬಂದರು. ಅಕ್ಕನ ತರಗತಿ ನೋಡಿ ಮರುಳಾದರು, ಎಲ್ಲ ತರಗತಿಗೂ ರಿಮೋಟು ತರಿಸಿದರು. ಒಂದೇ ಒಂದು ಬದಲಾವಣೆ ಮಾಡಿದರು: ಪ್ರಶ್ನೆಯನ್ನು ಪಾಠ ಮುಗಿದ ತಕ್ಷಣ, ಅದೇ ಪಾಠದಿಂದಲೇ ಕೇಳಬೇಕು. ಮಕ್ಕಳು ಈಗ ತಾನೇ ಕೇಳಿದ್ದನ್ನು ಈಗಲೇ ಒತ್ತಿದರು. ಪಟ್ಟಿಗಳೆಲ್ಲ ಹಸಿರು! ಅಪ್ಪ ಅಮ್ಮಂದಿರನ್ನು ಕರೆಸಿ ತೋರಿಸಿದರು; ನಮ್ಮ ಮಕ್ಕಳಿಗೆ ನೂರಕ್ಕೆ ನೂರು ನೆನಪಿದೆ ಎಂದು ಗೇಟಿನ ಮೇಲೆ ಬ್ಯಾನರು ಕಟ್ಟಿಸಿದರು.

ಹಳೆಯ ಪಾಠವನ್ನೇ ಕೇಳುತ್ತಿದ್ದ ಅಕ್ಕನ ತರಗತಿಯ ಪಟ್ಟಿಯಲ್ಲಿ ಮಾತ್ರ ಕೆಂಪು. ಸ್ಟಾಫ್ ಮೀಟಿಂಗಿನಲ್ಲಿ ಅದನ್ನು ದೊಡ್ಡದಾಗಿ ತೋರಿಸಿ, ಮೇಡಂ ಯಾಕೋ ಹಿಂದೆ ಬಿದ್ದಿದ್ದಾರೆ ಎಂದರಂತೆ, ಅದೇ ಮೆತ್ತನೆಯ ದನಿಯಲ್ಲಿ. ಅದು ನೆನಪಲ್ಲ ಸಾರ್, ಬಾಯಲ್ಲಿರೋ ತುತ್ತು, ನುಂಗಿದ ಮೇಲೆ ಕೇಳಿ ಎಂದು ಅಕ್ಕ ವಾದ ಹಾಕಿದಳು. ಮುಂದಿನ ವರ್ಷ ಅವಳ ಕೈಯಿಂದ ತರಗತಿ ಕಿತ್ತು, ದನಿ ಸ್ಪಷ್ಟವಾಗಿದೆ ಎಂಬ ನೆಪ ಹೇಳಿ, ಮೈಕಿನ ಮುಂದೆ ಕೂರಿಸಿದರು. ಕಿಟಕಿಯಿಲ್ಲದ ಕೋಣೆಯಲ್ಲಿ ಬೇರೆಯವರು ಬರೆದ ಪ್ರಶ್ನೆಗಳನ್ನು ಓದಿ ರೆಕಾರ್ಡ್ ಮಾಡುವ ಕೆಲಸ. ನಿವೃತ್ತಿಯವರೆಗೂ ಅದನ್ನೇ ಮಾಡಿದಳು. ತಂಗಿಯ ಹತ್ತಿರ ಬಂದು ಅತ್ತಿದ್ದಿಲ್ಲ. ಆದರೆ ಊಟದ ಹೊತ್ತಿನಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿಬಿಟ್ಟಳು.

ಕೊನೆಗೆ ಆಸ್ಪತ್ರೆಯಲ್ಲಿ, ಮೂಗಿನ ನಳಿಕೆ ಸರಿಸಿಕೊಂಡು, ತಂಗಿಯನ್ನು ಹತ್ತಿರ ಕರೆದಿದ್ದಳು. ಅವಳನ್ನು ನೋಡಲು ಬಂದಿದ್ದ ಟೆಕ್ನಿಷಿಯನ್ ಮಾತಾಡುವ ಮೇಡಂ ಸುದ್ದಿ ಹೇಳಿ ಹೋಗಿದ್ದ. ದನಿಯ ಮಾದರಿ ಸಿಕ್ಕರೆ ಸಾಕು, ಏನು ಬೇಕಾದರೂ ಹೇಳಿಸಬಹುದು ಎಂದು ಹೆಮ್ಮೆಯಿಂದ ವಿವರಿಸಿದ್ದ.

"ನನ್ನ ಬಾಯಲ್ಲಿ ಶಭಾಷ್ ಅನ್ನಿಸೋಕೆ ಬಿಡಬೇಡ ಕಣೇ," ಎಂದಳು ಅಕ್ಕ. "ನಿಮ್ಮ ಭಾವ ಮೆತ್ತಗೆ. ಅವರಿಗೆ ಬಿಡಬೇಡ. ನೀನು ನೋಡ್ಕೋ."

ನೋಡ್ಕೋತೀನಿ ಅಕ್ಕ ಎಂದಿದ್ದಳು ತಂಗಿ.

*

ಸಭಾಂಗಣ ತುಂಬಿತು. ಹಳೆಯ ಟೀಚರುಗಳು, ನೆರೆಹೊರೆಯವರು, ದೊಡ್ಡವರಾಗಿ ಸಂಸಾರಸ್ಥರಾದ ಹಳೆಯ ಮಕ್ಕಳು. ಟೆಕ್ನಿಷಿಯನ್ ಬುಟ್ಟಿ ಹಿಡಿದು ಸಾಲುಸಾಲಾಗಿ ರಿಮೋಟು ಹಂಚುತ್ತ ಬಂದ. ಬೇಡವೆನ್ನಲು ತಂಗಿ ಕೈ ಎತ್ತುವಷ್ಟರಲ್ಲಿ ಮಡಿಲಲ್ಲಿ ಒಂದು ಬಿದ್ದಿತ್ತು. ಚಿತಾಗಾರದ ನೌಕರ ಒಳಬಾಗಿಲಲ್ಲಿ ನಿಂತು, ಈ ಜನ ಯಾವಾಗ ಮುಗಿಸುತ್ತಾರೋ ಎಂದು ಕತ್ತು ತುರಿಸಿಕೊಳ್ಳುತ್ತಿದ್ದ.

ಪ್ರಿನ್ಸಿಪಾಲರು ಓದಿದರು. ಮೇಡಂ ಅವರಿಗೆ ಶಾಲೆಯೇ ಉಸಿರು. ಮೇಡಂ ಯಾರ ಮೇಲೂ ಸಿಟ್ಟಾದವರಲ್ಲ. ಪ್ರತಿ ಮಗುವಿಗೂ ಶಭಾಷ್ ಎನ್ನುವುದು, ಆ ಒಂದು ಮಾತು, ಸದಾ ಮೇಡಂ ಅವರ ಬಾಯಲ್ಲಿ ಇತ್ತು. ಹೀಗೆಲ್ಲ. ಸಿಟ್ಟಾಗದ ಅಕ್ಕ! ತಂಗಿಗೆ ನಗು ಬರಬೇಕಿತ್ತು, ಬರಲಿಲ್ಲ. ಸುತ್ತ ಎಲ್ಲರೂ ಮೂಗು ಒರೆಸಿಕೊಂಡು ತಲೆದೂಗುತ್ತಿದ್ದರು. ಸಾವಿನ ಮನೆಯಲ್ಲಿ ಏನು ಓದಿದರೂ ನಿಜದಂತೆ ಕೇಳಿಸುತ್ತದೆ.

ಓದು ಮುಗಿದದ್ದೇ ಪ್ರಶ್ನೆಗಳು ಬಂದವು. ಮೊದಲಿನವು ಸಲೀಸು; ಮೇಡಂ ಯಾವ ವಿಷಯ ಕಲಿಸುತ್ತಿದ್ದರು ಎಂಬಂಥವು. ಜನಕ್ಕೆ ಮೋಜೆನಿಸತೊಡಗಿತು. ದುಃಖದ ಮುಖದಲ್ಲೇ ಕೊಂಚ ಚುರುಕು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಯಾವ ಗುಂಡಿ, ಯಾವ ಗುಂಡಿ ಎಂದು ಪಿಸುಗುಟ್ಟಿದರು. ಪರದೆ ಪ್ರತಿ ಸಲ ಹಸಿರಾಗಿ ಟಿಣ್ ಎಂದಿತು.

"ಕೊನೇ ಪ್ರಶ್ನೆ," ಎಂದರು ಪ್ರಿನ್ಸಿಪಾಲರು. "ಸದಾ ಮೇಡಂ ಅವರ ಬಾಯಲ್ಲಿ ಇದ್ದ ಮಾತು ಯಾವುದು?"

ಪರದೆಯಲ್ಲಿ ಮೂರು ಉತ್ತರ. ಶಭಾಷ್. ಧನ್ಯವಾದ. ಸದ್ದು ಮಾಡಬೇಡಿ. ಟಿಕ್ ಟಿಕ್ ಎಂದು ಗಡಿಯಾರ ಓಡಿತು, ನಿಂತಿತು. ಪಟ್ಟಿ ಎದ್ದು ಪರದೆಯ ನೆತ್ತಿ ಮುಟ್ಟಿತು. ಶಭಾಷ್, ನೂರಕ್ಕೆ ನೂರು. ಚಪ್ಪಾಳೆ ತಟ್ಟಬಾರದ ಜಾಗವಾದ್ದರಿಂದ ಜನ ಸುಮ್ಮನೆ ಹಿಗ್ಗಿದರು.

ತಂಗಿ ಪಕ್ಕಕ್ಕೆ ತಿರುಗಿದಳು. ಭಾವನ ಹೆಬ್ಬೆರಳು ಮೊದಲ ಗುಂಡಿಯ ಮೇಲೆ ಇತ್ತು.

"ನೀವೂ ಅದನ್ನೇ ಒತ್ತಿದ್ರಾ?"

"ಈಗ ತಾನೇ ಹೇಳಿದ್ರಲ್ಲ ಅವರು," ಎಂದರು ಭಾವ.

ಥೂ, ಜೊತೆಯಲ್ಲಿ ಸಂಸಾರ ಮಾಡಿದ ಮನುಷ್ಯ ಎಂದು ಅವಳು ಮನಸ್ಸಿನಲ್ಲೇ ಉಗಿಯುವಷ್ಟರಲ್ಲಿ ಒಂದು ವಿಷಯ ತಲೆಗೆ ಹೊಕ್ಕಿತು. ನೂರಕ್ಕೆ ನೂರು ಎಂದರೆ ಎಲ್ಲರೂ. ಬಗ್ಗಿ ನೋಡಿದಳು. ಮಡಿಲಲ್ಲಿದ್ದ ರಿಮೋಟು ಅವಳ ಕೈಯಲ್ಲಿತ್ತು. ಯಾವಾಗ ಎತ್ತಿಕೊಂಡಳೋ! ಮೊದಲ ಗುಂಡಿಯ ಪಕ್ಕದ ಪುಟ್ಟ ದೀಪ ಇನ್ನೂ ಉರಿಯುತ್ತಿತ್ತು. ಆಸ್ಪತ್ರೆಯಲ್ಲಿ ಮಾತು ಕೊಟ್ಟು ಬಂದವಳು, ಶಭಾಷ್ ಎಂಬುದು ಅಕ್ಕ ಎಂದೂ ಆಡದ ಮಾತೆಂದು ಈ ಸಭಾಂಗಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ಗಡಿಯಾರ ಓಡಿದ್ದೇ ತಡ ಎಲ್ಲರ ಜೊತೆ ಕುರಿಯಂತೆ ಒತ್ತಿದ್ದಳು. ಇಷ್ಟು ವರ್ಷ ಯಾವ ಹೊಲಸೂ ಅಂಟದ ಕೈ ಎಂದುಕೊಂಡಿದ್ದಳು. ಆ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ತನ್ನ ಮೇಲೆ ತನಗೇ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಅಕ್ಕ ಬಂದಳು. ಯಾವುದೋ ಹಳೆಯ ಫೋಟೋದ ಮುಖ, ಸುಕ್ಕು ತೆಗೆದು, ಕೆನ್ನೆಗೆ ಬಣ್ಣ ಬಳಿದದ್ದು. ಕಣ್ಣು ಮಿಟುಕಿಸಿತು, ತುಟಿ ಅಲುಗಿತು. ದನಿ ಮಾತ್ರ ಸಾಕ್ಷಾತ್ ಅಕ್ಕನದೇ.

"ಶಭಾಷ್! ಎಲ್ಲರದ್ದೂ ಸರಿಯುತ್ತರ! ನೀವೆಲ್ಲ ಜಾಣರು!"

ಅದರ ಪಕ್ಕಕ್ಕೆ ಪೆಟ್ಟಿಗೆಯಲ್ಲಿ ಅಕ್ಕ ಬಾಯಿ ಮುಚ್ಚಿ ಮಲಗಿದ್ದಳು. ತಂಗಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಸುತ್ತ ಜನ ಬಿಕ್ಕಿದರು. ಭಾವ ಎದ್ದು ನಿಂತುಬಿಟ್ಟಿದ್ದರು, ಕಣ್ಣಲ್ಲಿ ನೀರು ಧಾರೆಧಾರೆ. ಪ್ರಿನ್ಸಿಪಾಲರು ಪಕ್ಕಕ್ಕೆ ಬಂದು, ಮೆತ್ತಗೆ, ಟ್ಯಾಬನ್ನು ಅವರ ಕೈಗೆ ಕೊಟ್ಟರು.

"ಇಲ್ಲಿ ಸರ್. ಬರೀ ಒಂದು ಸಹಿ. ಇನ್ನು ಮೇಡಂ ಎಲ್ಲೂ ಹೋಗಲ್ಲ."

ಕಿತ್ತುಕೊಂಡು ನೆಲಕ್ಕೆ ಎಸೆಯಬೇಕೆಂದು ತಂಗಿಯ ಕೈ ಮುಂದಾಯಿತು. ಎಸೆದರೆ ಇನ್ನೊಂದು ತರುತ್ತಾರೆ, ನಾಳೆ ಮನೆಗೇ ಬರುತ್ತಾರೆ. ಬೇಡ ಎಂದು ತಾನು ಹೇಳಿಕೊಟ್ಟರೆ ಭಾವ ಬೇಡ ಎನ್ನುತ್ತಾರೆ. ನಾಳೆ ಪ್ರಿನ್ಸಿಪಾಲರು ಹೇಳಿಕೊಟ್ಟರೆ ಹೂಂ ಎನ್ನುತ್ತಾರೆ. ಅವಳು ಭಾವನ ಎದುರಿಗೆ ಬಂದು, ಪರದೆಗೆ ಬೆನ್ನು ಕೊಟ್ಟು ನಿಂತಳು.

"ಭಾವ, ಒಂದು ಕೇಳ್ತೀನಿ. ಅಕ್ಕ ನಿಮಗೆ ಮೊಟ್ಟಮೊದಲು ಬೈದಿದ್ದು ಏನಂತ?"

"ಈಗ್ಯಾಕಮ್ಮ ಅದು?"

"ಏನಂತ ಬೈದ್ಲು?"

"ಎಷ್ಟು ಕಾಲ ಆಯ್ತು. ಮರ್ತುಹೋಗಿದೆ."

"ಒಳ್ಳೇದಾಯ್ತು," ಎಂದಳು ತಂಗಿ. "ಹುಡುಕಿ."

ಅವಳಿಗೆ ಗೊತ್ತಿತ್ತು. ಬೈದ ದಿನವೇ ಸಂಜೆ ಮನೆಗೆ ಬಂದ ಅಕ್ಕ ಅಭಿನಯ ಮಾಡಿ ತೋರಿಸಿದ್ದಳು. ಒಂದು ಅಕ್ಷರ ಎತ್ತಿಕೊಟ್ಟರೆ ಭಾವ ಮಿಕ್ಕಿದ್ದನ್ನು ಹೇಳಿಬಿಡುತ್ತಿದ್ದರು. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕೈ ಕಟ್ಟಿಕೊಂಡು ಕಾದಳು.

ಅಂಗಡಿಗೆ ಬಂದಿದ್ದಳು ಎಂದರು ಭಾವ. ಚೌಕಟ್ಟು ಮುರಿದಿತ್ತು ಎಂದರು; ಅಲ್ಲ, ಅಲ್ಲ, ಅದು ಇನ್ನೊಂದು ಸಲ ಎಂದರು. ಹಣೆ ಗಂಟಿಕ್ಕಿತು. ಪ್ರಿನ್ಸಿಪಾಲರು ಅವರ ಮೊಣಕೈ ಮುಟ್ಟಿ ಸರ್, ಸಹಿ ಎಂದರು. ಚಿತಾಗಾರದ ನೌಕರ ಒಳಬಾಗಿಲು ತೆರೆದು, ಹೊತ್ತಾಯಿತು ಎಂದ. ಜನ ತಲೆ ತಗ್ಗಿಸಿ ಕೂತರು. ಯಾರಿಗೂ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಪರದೆಯ ಮೇಲಿನ ಬಣ್ಣದ ಮುಖ ಮುಂದಿನ ಗುಂಡಿಗಾಗಿ ಕಣ್ಣು ಮಿಟುಕಿಸುತ್ತ ಇತ್ತು.

"ಗಾಜು ತಪ್ಪು ಕೂರಿಸಿದ್ದೆ ನಾನು," ಎಂದರು ಭಾವ ನಿಧಾನವಾಗಿ. "ಎಡಗಡೇದು ಬಲಗಡೆಗೆ."

ತಂಗಿ ಹೂಂ ಕೂಡ ಅನ್ನಲಿಲ್ಲ.

"ಸರ್, ಈ ಸಹಿ ಒಂದು..."

"ತಡೀರಿ," ಎಂದರು ಭಾವ. ಅವರು ಯಾರಿಗೂ ಹಾಗೆ ಹೇಳಿದ್ದನ್ನು ತಂಗಿ ಕೇಳಿರಲಿಲ್ಲ. "ಬರ್ತಾ ಇದೆ. ಸುಮ್ನಿರಿ ಸ್ವಲ್ಪ."

ನೋಡದೆಯೇ ಟ್ಯಾಬನ್ನು ಪ್ರಿನ್ಸಿಪಾಲರ ಎದೆಗೆ ಒತ್ತಿ ಕೈ ಬಿಟ್ಟರು. ಪ್ರಿನ್ಸಿಪಾಲರು ಅದು ಬೀಳದಂತೆ ತಬ್ಬಿ ಹಿಡಿದುಕೊಂಡರು. ಭಾವನ ಕಣ್ಣು ಮುಚ್ಚಿತು. ತುಟಿಯ ಒಂದು ಮೂಲೆ ಮೇಲೆದ್ದಿತು, ಅಕ್ಕನದು ಏಳುತ್ತಿದ್ದ ಹಾಗೆಯೇ. ಬಾಯಿಂದ ಬಂದದ್ದು ಅವರ ದನಿಯಲ್ಲ.

"ಏನ್ರೀ, ನಿಮ್ಮ ಕನ್ನಡಕ ಹಾಕ್ಕೊಂಡು ನಿಮ್ಮ ಅಂಗಡಿ ಮೆಟ್ಟಿಲಲ್ಲೇ ಬಿದ್ದೆ. ಎಲ್ಲಿ, ನೀವು ಹಾಕ್ಕೊಂಡು ಇಳೀರಿ ನೋಡೋಣ."

ಕೆಲಸದವರು ಪೆಟ್ಟಿಗೆಯನ್ನು ತಳ್ಳಿಕೊಂಡು ಹೊರಟರು. ಅದರ ಹಿಂದೆ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಕಣ್ಣು ಮುಚ್ಚಿಕೊಂಡೇ, ಎರಡೂ ಕೈ ಅಗಲಿಸಿ, ಇಲ್ಲದ ಮೆಟ್ಟಿಲನ್ನು ಕಾಲ್ಬೆರಳಲ್ಲಿ ತಡಕಾಡುತ್ತ, ಭಾವ ಒಂದೊಂದೇ ಹೆಜ್ಜೆ ಇಳಿಯತೊಡಗಿದರು.